ಹನ್ನೊಂದು ಚೀಲ ಉಪ್ಪು

ಹತ್ತು ಲಕ್ಷ ಮಾರ್ಕಿನ ಜರ್ಮನ್ ನೋಟನ್ನು ನಾನು ಮೊದಲ ಸಲ ನೋಡಿದ್ದು ಆಳಂದದ ಶಾಲೆಯಲ್ಲಿ, ಆರನೆಯ ಇಯತ್ತೆಯ ಹುಡುಗನೊಬ್ಬನ ಕೈಯಲ್ಲಿ. ನೋಟಿನ ಒಂದೇ ಮಗ್ಗುಲಿಗೆ ಅಚ್ಚಿತ್ತು. ಖಾಲಿ ಉಳಿದಿದ್ದ ಇನ್ನೊಂದು ಮಗ್ಗುಲಲ್ಲಿ ಅವನು ಪೆನ್ಸಿಲಿನಿಂದ ಭಾಗಾಕಾರ ಮಾಡಿದ್ದ. ಉತ್ತರ ತಪ್ಪಿತ್ತು.

ಅದು ನಲವತ್ತೇಳರ ಮಳೆಗಾಲದ ಆರಂಭ. ನಾನು ಸಹಾಯಕ ಮಾಸ್ತರನಾಗಿ ಸೇರಿ ವಾರವಾಗಿತ್ತು. ಪತ್ರಿಕೆಯ ಕೆಲಸಕ್ಕೆ ಹೋದದ್ದು ಆಮೇಲೆ. ಯುದ್ಧದ ಕಾಲದಿಂದಲೂ ಕಾಗದಕ್ಕೆ ಬರ ಇತ್ತು. ಚರಿತ್ರೆ ಮತ್ತು ಲೆಕ್ಕ ಕಲಿಸುತ್ತಿದ್ದ ಹಿರಿಯ ಮಾಸ್ತರರು ಹುಡುಗರಿಗೆ ಲೆಕ್ಕ ಮಾಡಲು ಈ ನೋಟುಗಳನ್ನು ಹಂಚುತ್ತಿದ್ದರು. ಎಣಿಸಿ ಕೊಡುವರು, ತಾಸು ಮುಗಿದ ಮೇಲೆ ಎಣಿಸಿ ತೆಗೆದುಕೊಳ್ಳುವರು, ಸಂಜೆ ಕೂತು ರಬ್ಬರಿನಿಂದ ಒಂದೊಂದನ್ನೇ ಒರೆಸಿ ತಗಡಿನ ಪೆಟ್ಟಿಗೆಯಲ್ಲಿ ಇಡುವರು. ಇಡೀ ಊರು ಅವರನ್ನು ಮಾಸ್ತರ್ರು ಎಂದಷ್ಟೇ ಕರೆಯುತ್ತಿತ್ತು. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

ಮೊನ್ನೆ ಒಂದು ಪತ್ರಿಕೆಯಲ್ಲಿ ಬೆಲೆಯೇರಿಕೆಯ ಕುರಿತ ಲೇಖನ ಓದಿದೆ. ಜರ್ಮನಿ ಮೊದಲನೆಯ ಮಹಾಯುದ್ಧದಲ್ಲಿ ಸೋತದ್ದರಿಂದ ಅದರ ಹಣ ಕಸವಾಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ನಮ್ಮ ಶಾಲೆಯ ಉರ್ದು ಪಠ್ಯಪುಸ್ತಕದಲ್ಲೂ ಹೆಚ್ಚುಕಡಿಮೆ ಇದೇ ವಾಕ್ಯ ಇತ್ತು. ಮಾಸ್ತರ್ರು ಅದನ್ನು ಒಬ್ಬ ಹುಡುಗನಿಂದ ಓದಿಸಿ, ಪುಸ್ತಕ ಮುಚ್ಚಿಸಿ, ಕನ್ನಡಕ್ಕೆ ಇಳಿಯುತ್ತಿದ್ದರು.

"ಸೋತದ್ದಕ್ಕ ರೊಕ್ಕ ಸಾಯೂದಿಲ್ಲ. ಕಾರಣ ಹೇಳ್ಲೇ, ಕಥಿ ಬ್ಯಾಡ."

ಕಾರಣ ಹೇಳು ಎಂಬುದು ಅವರ ಕಾಯಂ ಮಾತು. ಹುಡುಗ ಶಾಲೆಗೆ ತಡವಾಗಿ ಬಂದರೂ ಇದೇ, ಬಾವಿಯ ಹಗ್ಗ ಹರಿದರೂ ಇದೇ. ನನ್ನ ಕೆಲಸದ ಅವಧಿಯಲ್ಲಿ ಸುದ್ದಿ ಬರೆದು ತಂದ ಹೊಸಬರಿಗೆ ನಾನೂ ಎಷ್ಟೋ ಸಲ ಇದನ್ನೇ ಹೇಳಿದ್ದೇನೆ, ಯಾರ ಮಾತೆಂದು ಹೇಳದೆ.

ಜರ್ಮನಿಯ ಕಾರಣಗಳನ್ನು ಅವರು ಜೇವರ್ಗಿಯ ಕೋರ್ಟಿನಿಂದ ಶುರು ಮಾಡುತ್ತಿದ್ದರು. ಹಿಂದೆ ಜೇವರ್ಗಿಯಲ್ಲಿ ನೌಕರಿ ಮಾಡುವಾಗ ಕೊಳಕೂರಿನ ಇಬ್ಬರು ದಾಯಾದಿಗಳು ಒಂದು ಬದುವಿಗಾಗಿ ವರ್ಷಗಟ್ಟಲೆ ಖಟ್ಲೆ ನಡೆಸಿದ್ದನ್ನು ಅವರು ಕಂಡಿದ್ದರಂತೆ. ಇಬ್ಬರೂ ಸಾಲ ಮಾಡಿಯೇ ವಕೀಲರಿಗೆ ಸುರಿದರು. ಗೆದ್ದ ಮೇಲೆ ಸೋತವನಿಂದ ಖರ್ಚು ವಸೂಲಿ ಮಾಡಿದರಾಯಿತು ಎಂಬ ಧೈರ್ಯ ಇಬ್ಬರಿಗೂ. ಜರ್ಮನಿ ಯುದ್ಧ ಮಾಡಿದ್ದೂ ಹೀಗೆ. ಪ್ರಜೆಗಳ ಮೇಲೆ ಕರ ಹಾಕದೆ, ಸಾಲ ಎತ್ತಿ, ನೋಟು ಅಚ್ಚು ಹಾಕಿ, ಸೋತವರ ಕೈಯಿಂದ ತೀರಿಸುವ ಲೆಕ್ಕ. ಸೋತವರು ತಾವೇ ಆದರು. ಅದು ಮೊದಲನೆಯದು. ಗೆದ್ದವರು ಖರ್ಚಿನ ಪಟ್ಟಿ ಕಳಿಸಿದರು, ಚಿನ್ನದಲ್ಲಿ ಕೊಡಿ ಎಂದರು. ಚಿನ್ನ ಕೊಳ್ಳಲು ಜರ್ಮನಿ ತನ್ನ ನೋಟನ್ನು ಸಿಕ್ಕ ಬೆಲೆಗೆ ಮಾರಿತು. ಅದು ಎರಡನೆಯದು. ಕಂತು ತಪ್ಪಿದಾಗ ಗೆದ್ದವರು ಬಂದು ಕಲ್ಲಿದ್ದಲಿನ ಸೀಮೆಯನ್ನೇ ಹಿಡಿದರು. ಕೂಲಿಗಳು ಕೆಲಸ ನಿಲ್ಲಿಸಿದರು. ಮನೆಯಲ್ಲಿ ಕೂತವರಿಗೂ ಸರ್ಕಾರ ಸಂಬಳ ಕೊಟ್ಟಿತು, ಅಚ್ಚಿನ ಯಂತ್ರದಿಂದ. ಸರಕು ಹುಟ್ಟಲಿಲ್ಲ, ನೋಟು ಹುಟ್ಟಿತು. ಅದು ಮೂರನೆಯದು. ನಾಲ್ಕನೆಯದಕ್ಕೆ ಅವರು ಒಂದು ನೋಟನ್ನು ಆಗತಾನೆ ಹಂಚಿನಿಂದ ತೆಗೆದ ರೊಟ್ಟಿಯಂತೆ ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತ ಹುಡುಗರ ಸಾಲಿನ ನಡುವೆ ನಡೆಯುತ್ತಿದ್ದರು. ಹಿಡಿದವರ ಕೈ ಸುಡುತ್ತದೆ, ಆದ್ದರಿಂದ ಎಲ್ಲರೂ ದಾಟಿಸುತ್ತಾರೆ. ಹುಡುಗರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಆ ನೋಟುಗಳು ಅವರ ತಂದೆಯವು. ತಂದೆ ಆಳಂದದಲ್ಲಿ ಹತ್ತಿಯ ವ್ಯಾಪಾರಿ. ಸ್ವಂತ ಊರು ಮಟಕಿ, ಅಲ್ಲಿ ಒಳ್ಳೆಯ ಎರೆಹೊಲ. ಯುದ್ಧ ಮುಗಿದ ಮೇಲೆ ಸೊಲ್ಲಾಪುರದ ದಲ್ಲಾಳಿಗಳು ಅಗ್ಗಕ್ಕೆ ಮಾರ್ಕು ಮಾರುತ್ತಿದ್ದರು. ಅಷ್ಟು ದೊಡ್ಡ ದೇಶ, ಅಷ್ಟು ಕಾರಖಾನೆ, ಮತ್ತೆ ಎದ್ದೇ ಏಳುತ್ತದೆ, ಆಗ ಹತ್ತು ಪಟ್ಟು ಎಂದು ತಂದೆ ನಂಬಿದರು. ಬೆಲೆ ಇಳಿದಾಗ ಇನ್ನಷ್ಟು ಕೊಂಡರು. ಕಡೆಗೆ ಹೊಲ ಮಾರಿ ಕೊಂಡರು. ಕೊನೆಯ ಕಟ್ಟು ಅಂಚೆಯಲ್ಲಿ ಬಂದಾಗ ಒಳಗಿನ ಲಕ್ಷಗಳಿಗಿಂತ ಲಕೋಟೆಯ ಮೇಲಿನ ಅಂಚೆಚೀಟಿಗೆ ಹೆಚ್ಚು ಬೆಲೆಯಿತ್ತು ಎಂದು ಮಾಸ್ತರ್ರು ಒಮ್ಮೆ ನನಗೆ ಹೇಳಿದರು. ದಾರಿಯಲ್ಲಿ ನಡೆಯುತ್ತ, ಕೊಡೆಯ ತುದಿಯಿಂದ ಹೆಂಟೆ ಒಡೆಯುತ್ತ, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು.

ಮೆಟ್ರಿಕ್ ಆದ ಮೇಲೆ ಓದು ಬಿಟ್ಟು ಮಾಸ್ತರಿಕೆ ಹಿಡಿದವರು, ಉಳಿದ ಆಯುಷ್ಯವನ್ನೆಲ್ಲ ಆ ಪೆಟ್ಟಿಗೆಯ ಕಾರಣ ಹುಡುಕುವುದರಲ್ಲಿ ಕಳೆದರು. ಗುಲಬರ್ಗಾಕ್ಕೆ ಹೋದಾಗಲೆಲ್ಲ ಹಳೆಯ ಪತ್ರಿಕೆ, ಪುಸ್ತಕ ತರುವರು. ಮದುವೆಯಾಗಲಿಲ್ಲ. ಅವರಿಗೆ ಒಬ್ಬಳು ಅಕ್ಕ. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಮಟಕಿಗೆ ಮರಳಿದವಳು. ತನ್ನ ಬಂಗಾರ ಮಾರಿ ತಮ್ಮನ ಮೆಟ್ರಿಕ್ ಮುಗಿಸಿದವಳೂ ಅವಳೇ. ಪ್ರತಿ ಸೋಮವಾರ ಶಾಲೆ ಬಿಟ್ಟ ಮೇಲೆ ಮಾಸ್ತರ್ರು ಮಟಕಿಗೆ ನಡೆದು ಹೋಗಿ ಅವಳ ಕೈಯ ರೊಟ್ಟಿ ತಿಂದು ಬರುತ್ತಿದ್ದರು. ಕೆಲವು ಸಲ ನನ್ನನ್ನೂ ಕರೆದೊಯ್ಯುತ್ತಿದ್ದರು.

ಅಕ್ಕನ ಆಸೆ ಒಂದೇ ಇತ್ತು. ನಮ್ಮ ಕಡೆ ಹೊಲವಿದ್ದವರು ತಮ್ಮವರನ್ನು ತಮ್ಮ ಹೊಲದಲ್ಲೇ ಹೂಳುತ್ತಾರೆ. ಇಲ್ಲದವರಿಗೆ ಹಳ್ಳದ ದಂಡೆಯ ಸಾಮಾನ್ಯ ಜಾಗ. ಅವರ ತಾಯಿಯನ್ನು ಹೂಳಿದ್ದು ಹೊಲ ಕೈಯಲ್ಲಿದ್ದಾಗ. ತಂದೆ ಸಾಯುವ ಹೊತ್ತಿಗೆ ಹೊಲ ಹೋಗಿತ್ತು, ಅವರಿಗೆ ಹಳ್ಳದ ದಂಡೆಯಾಯಿತು. ಬೇರೆಯವರ ಕೂರಿಗೆ ತಾಯಿಯ ಸಮಾಧಿಯ ಕಲ್ಲನ್ನು ಸವರಿಕೊಂಡು ಹೋಗುವುದನ್ನು ಅಕ್ಕ ಇಪ್ಪತ್ತೈದು ವರ್ಷ ನೋಡಿದ್ದಳು. ತುಪ್ಪ ಮಾರಿ, ಕೌದಿ ಹೊಲಿದು, ಹತ್ತಿ ಬಿಡಿಸಿ ಅವಳು ಹಣ ಕೂಡಿಸಿದ್ದು ಆ ಹೊಲಕ್ಕಾಗಿ. ತಾಯಿಯ ಪಕ್ಕದಲ್ಲಿ ತನಗೂ ತಮ್ಮನಿಗೂ ಜಾಗ ಬೇಕಿತ್ತು.

ಆ ವರ್ಷ ಏನೇನಾಯಿತು ಎಂಬುದು ಈಗಿನವರಿಗೆ ಸ್ವಲ್ಪ ಹೇಳಬೇಕು. ಆಗಸ್ಟಿನಲ್ಲಿ ಇಂಡಿಯಾ ಸ್ವತಂತ್ರವಾಯಿತು. ನಮ್ಮ ಹೈದರಾಬಾದ್ ಸಂಸ್ಥಾನ ಸೇರಲಿಲ್ಲ. ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಎನ್ನುತ್ತಿದ್ದೆವು. ಗಡಿಯಾಚೆಯ ಇಂಡಿಯಾದ ರೂಪಾಯಿಗೆ ಕಲ್ದಾರ್ ಎಂದು ಹೆಸರು. ಏಳು ಹಾಲಿಗೆ ಆರು ಕಲ್ದಾರ್, ಇದು ಹಳೆಯ ದರ. ಮನಸ್ತಾಪ ಬೆಳೆದಂತೆ ಇಲ್ಲಿ ಕಲ್ದಾರ್ ಚಲಾವಣೆಯನ್ನು ಸರ್ಕಾರ ನಿಷೇಧಿಸಿತು. ಅಲ್ಲಿಂದ ಬರುವ ಸರಕನ್ನು ಇಂಡಿಯಾ ತಡೆಯಿತು. ನಲವತ್ತೆಂಟರ ಬೇಸಿಗೆಗೆ ಆಳಂದದ ಸಂತೆಯಲ್ಲಿ ಚಿಮಣಿ ಎಣ್ಣೆ ಇಲ್ಲ, ಔಷಧ ಇಲ್ಲ, ಉಪ್ಪಂತೂ ಇಲ್ಲವೇ ಇಲ್ಲ. ಸಿಕ್ಕರೆ ಜೋಳದ ಸಮಕ್ಕೆ ತೂಗಿ ಕೊಡುತ್ತಿದ್ದರು. ಉಪ್ಪಿಲ್ಲದ ಸಾರು ಉಂಡು ಜನ ಮುಖ ಕಿವುಚುತ್ತಿದ್ದರು. ಹಳ್ಳಿಗಳ ಮೇಲೆ ದಾಳಿಗಳಾಗುತ್ತಿದ್ದವು. ಅನುಕೂಲಸ್ಥರು ಸೊಲ್ಲಾಪುರದ ಕಡೆಗೆ ಮನೆ ಬಿಟ್ಟಿದ್ದರು.

ಸಂಬಳದ ದಿನ ಮಾಸ್ತರ್ರು ನೋಟನ್ನು ಮೂಗಿಗೆ ಹಿಡಿಯತೊಡಗಿದ್ದು ಆಗ. ಹೆಬ್ಬೆರಳಿನಿಂದ ಉಜ್ಜಿ, ಮೂಸಿ, ನನ್ನ ಕಡೆ ಚಾಚುವರು.

"ಹೊಸಾದದ. ಮಸಿ ವಾಸನಿ ಇನ್ನಾ ಹೋಗಿಲ್ಲ ನೋಡ್ರಿ."

ನನಗೆ ಬರೀ ಕಾಗದದ ವಾಸನೆ ಬಂತು. ಮಸಿಯದೂ ಬಂತೆಂದೆ. ಊರಿನ ಜನ ಕಟ್ಟೆಯ ಮೇಲೆ ಅವರನ್ನು ಕೂಡಿಸಿಕೊಂಡು ಹಾಲಿಯ ಗತಿಯೇನು ಎಂದು ಕೇಳುತ್ತಿದ್ದರು. ಅವರು ಯಾರಿಗೂ ಭವಿಷ್ಯ ಹೇಳಲಿಲ್ಲ. ಕಾರಣಗಳನ್ನಷ್ಟೇ ಹೇಳುತ್ತಿದ್ದರು. ಸರಕಿಲ್ಲ, ದಂಡಿನ ಖರ್ಚು ಹೆಚ್ಚಿದೆ, ಹೊಸ ನೋಟು ಬರುತ್ತಿದೆ, ಯುದ್ಧವಾದರೆ ಸಂಸ್ಥಾನ ಸೋಲುತ್ತದೆ. ಕೇಳಿದವರು ಉಳಿದದ್ದನ್ನು ತಾವೇ ತುಂಬಿಕೊಂಡು ಏಳುತ್ತಿದ್ದರು.

ಜುಲೈನಲ್ಲಿ ಹೊಲದ ಮಾಲೀಕ ಸೊಲ್ಲಾಪುರದಿಂದ ಅಕ್ಕನಿಗೆ ಹೇಳಿಕಳಿಸಿದ. ಊರಿಗೆ ಮರಳುವ ಮನಸ್ಸಿಲ್ಲ, ಹೊಲ ಮಾರುತ್ತೇನೆ, ಹಿಂದೆ ನಿನ್ನ ಜೊತೆ ಮಾತಾಡಿದ ಬೆಲೆಗೇ ಕೊಡುತ್ತೇನೆ. ಈಗ ಬರಲಾರೆ, ದಸರೆಯ ಹೊತ್ತಿಗೆ ಬಂದು ಬರೆದುಕೊಡುತ್ತೇನೆ ಎಂದು. ಅಕ್ಕನ ಹತ್ತಿರ ಅಷ್ಟೂ ಹಣ ಹಾಲಿಯಲ್ಲಿ ಇತ್ತು. ಕಾಯಬೇಕಾದದ್ದು ಎರಡೂವರೆ ತಿಂಗಳು.

ಆ ಸೋಮವಾರ ನಾನಿದ್ದೆ. ಅಕ್ಕ ಹಣದ ಗಂಟನ್ನು ತಂದು ತಮ್ಮನ ಮುಂದೆ ಇಟ್ಟು ಕೂತಳು. ಮಾಸ್ತರ್ರು ಒಂದೊಂದೇ ದಾರಿಯನ್ನು ವಿಚಾರ ಮಾಡಿದರು. ಕಲ್ದಾರ್ ಕೊಂಡರೆ ದಲ್ಲಾಳಿ ಅರ್ಧ ನುಂಗುತ್ತಾನೆ, ಸಿಕ್ಕಿಬಿದ್ದರೆ ಜೇಲು. ಬಂಗಾರ ಕೊಂಡರೆ ಮನೆಗೆ ದರೋಡೆ. ಜೋಳ ಕೊಂಡರೆ ಸರ್ಕಾರ ಲೇವಿ ಎಂದು ಎತ್ತುತ್ತದೆ. ಹಾಗೇ ಇಟ್ಟರೆ ದಸರೆಯ ಹೊತ್ತಿಗೆ ಕಾಗದ. ಜರ್ಮನಿಯಲ್ಲಿ ಉಳಿದವರು ಸರಕು ಇಟ್ಟುಕೊಂಡವರು. ಯಾರೂ ಎತ್ತದ, ಎಲ್ಲರಿಗೂ ಬೇಕಾದ ಸರಕು ಒಂದೇ: ಉಪ್ಪು.

"ಮಳಿಗಾಲದಾಗ ಉಪ್ಪು ಇಡೂದಂದ್ರ ನೀರು ಇಟ್ಟಂಗ, ತಮ್ಮ," ಎಂದಳು ಅಕ್ಕ.

"ಭತ್ತದ ಹೊಟ್ಟು ಹಾಸಿ ಇಟ್ರ ಚಲೋ ಇರ್ತದ. ನೋಟಿಗೆ ಯಾವ ಹೊಟ್ಟು ಹಾಸ್ತಿ? ಅಪ್ಪನ ಪೆಟ್ಟಿಗಿ ನೋಡೀಯಲ್ಲ."

"ನೋಡೀನಿ. ಅಪ್ಪನೂ ಅವತ್ತ ಇಷ್ಟೇ ಚಂದ ಕಾರಣ ಹೇಳಿದ್ದ."

ಅಕ್ಕ ನನ್ನ ಕಡೆ ತಿರುಗಿದಳು. "ನೀವೇನಂತೀರಿ, ಸಣ್ಣ ಮಾಸ್ತರ?"

"ಅವರು ಹೇಳೂದು ಖರೇ ಅದ್ರಿ ಅಕ್ಕಾರ," ಎಂದೆ ನಾನು. ನಾನು ಹೀಗೆ ಅಂದೆ ಎಂಬುದನ್ನು ಬಿಟ್ಟು ಈ ಪ್ರಸಂಗ ಬರೆದರೆ ಅದು ಸುಳ್ಳು ವರದಿಯಾಗುತ್ತದೆ.

ಉಪ್ಪು ಸಿಗುತ್ತಿದ್ದದ್ದು ಅಫಜಲಪುರದ ಕಡೆ. ಅಲ್ಲಿ ಭೀಮೆಯ ಆಚೆ ದಂಡೆ ಇಂಡಿಯಾದ ಸೀಮೆ. ಕದ್ದು ಹೊಳೆ ದಾಟಿಸಿದ ಉಪ್ಪು ದಂಡೆಯ ಹಳ್ಳಿಗಳಲ್ಲಿ ಮಾರಾಟಕ್ಕಿತ್ತು. ಎರಡು ಬಂಡಿ ಹೂಡಿಸಿಕೊಂಡು ಹೋದೆವು. ವ್ಯಾಪಾರಿ ಕುಳ್ಳ ಮನುಷ್ಯ, ಬಾಯಿ ತುಂಬ ಎಲೆಯಡಿಕೆ. ಒಂದು ಹರಳನ್ನು ನಾಲಿಗೆಗೆ ಹಚ್ಚಿ ನೋಡಿದ ಮಾಸ್ತರ್ರು ಹನ್ನೊಂದು ಚೀಲ ಎಂದಾಗ ಅವನು ಎಲೆಯಡಿಕೆ ಉಗುಳಿ ಬಂದ.

"ಮಾಸ್ತರ, ಇಷ್ಟ್ ಉಪ್ಪು ಏನ್ ಮಾಡ್ತೀರಿ? ಜಿಲ್ಲಾಕ್ಕೆಲ್ಲಾ ಉಪ್ಪಿನಕಾಯಿ ಹಾಕ್ತೀರೇನು?"

ಮಾಸ್ತರ್ರು ಗಂಟು ಬಿಚ್ಚಿ ಹಾಲಿ ನೋಟುಗಳನ್ನು ಕೊಟ್ಟರು. ವ್ಯಾಪಾರಿ ಅವನ್ನು ಎಣಿಸಿ, ಒಂದನ್ನೂ ತಿರುಗಿಸಿ ನೋಡದೆ, ಖುಷಿಯಿಂದ ಸೊಂಟದ ಚೀಲಕ್ಕೆ ಇಳಿಸಿದ. ಎರಡೂ ದಂಡೆಯ ಸುದ್ದಿ ಗೊತ್ತಿದ್ದವನು, ಹೊಳೆಯಾಚೆ ದಿನಾ ವ್ಯವಹಾರ ಇದ್ದವನು, ಹಾಲಿಗೆ ಉಪ್ಪು ಕೊಡಲು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಇದನ್ನು ನಾವಿಬ್ಬರೂ ಕಣ್ಣಾರೆ ಕಂಡೆವು. ನೋಟು ಕೈ ಸುಡುವಂತಿದ್ದರೆ ಅವನು ಹೀಗೆ ಹಿಡಿಯುತ್ತಿದ್ದನೇ? ಸಣ್ಣ ಹುಡುಗರಿಗೂ ಕಾರಣ ಕೇಳುತ್ತಿದ್ದ ಮಾಸ್ತರ್ರು ಅಂದು ಕೇಳಲಿಲ್ಲ. ಚೀಲಗಳಿಗೆ ತಾಡಪತ್ರಿ ಹೊದಿಸುವುದರಲ್ಲಿ ಇದ್ದರು.

ಸೆಪ್ಟೆಂಬರಿನಲ್ಲಿ ಇಂಡಿಯಾದ ಸೈನ್ಯ ಬಂತು. ಐದು ದಿನಕ್ಕೆ ಎಲ್ಲ ಮುಗಿಯಿತು. ಸಂಸ್ಥಾನ ಸೋತಿತು. ಆ ಮಟ್ಟಿಗೆ ಮಾಸ್ತರ್ರ ಎಣಿಕೆ ಸರಿಯಾಗಿತ್ತು.

ಆದರೆ ಗೆದ್ದವರು ಖರ್ಚಿನ ಪಟ್ಟಿ ಕಳಿಸಲಿಲ್ಲ. ಕಲ್ಲಿದ್ದಲಿನ ಸೀಮೆ ಹಿಡಿಯಲಿಲ್ಲ. ಗಡಿಯಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಕರೋಡಗಿರಿ ನಾಕೆಯಲ್ಲಿ ಕೇಳುವವರಿರಲಿಲ್ಲ. ಅದರ ಅಡ್ಡಗೋಲನ್ನು ಯಾರೋ ಉರುವಲಿಗೆ ಒಯ್ದಿದ್ದರು. ಹಾಲಿ ಹಳೆಯ ದರಕ್ಕೇ ನಡೆಯುತ್ತದೆ ಎಂದು ಡಂಗುರ ಹೊಡೆದರು, ಹಾಗೇ ನಡೆಯಿತು. ಅದು ಕಡೆಗೆ ಚಲಾವಣೆಯಿಂದ ಹೋದದ್ದು ಎಷ್ಟೋ ವರ್ಷಗಳ ಮೇಲೆ, ಖಜಾನೆಯ ಕಿಟಕಿಯಲ್ಲಿ, ಸರದಿಯ ಪ್ರಕಾರ, ಪೂರಾ ಬೆಲೆಗೆ. ಸೊಲ್ಲಾಪುರದ ರಸ್ತೆಯಲ್ಲಿ ಮೊದಲು ಬಂದ ಬಂಡಿಗಳ ಸಾಲಿನಲ್ಲಿ ಇದ್ದದ್ದು ಉಪ್ಪು. ಸಂತೆಯಲ್ಲಿ ಅದನ್ನು ನೆಲದ ಮೇಲೆ ಸುರಿದು ಮಾರಿದರು. ಮಕ್ಕಳು ತುಳಿದುಕೊಂಡು ಓಡಾಡಿದವು.

ಸೋತದ್ದಕ್ಕೆ ರೊಕ್ಕ ಸಾಯುವುದಿಲ್ಲ ಎಂದು ವರ್ಷವರ್ಷವೂ ಹೇಳಿದವರು ಮಾಸ್ತರ್ರೇ.

ಆ ವಾರಗಳಲ್ಲಿ ನಮ್ಮ ಭಾಗದ ಮುಸಲ್ಮಾನರ ಮನೆಗಳಿಗೆ ಆದದ್ದನ್ನಾಗಲಿ, ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಹಳ್ಳಿಗಳಿಗೆ ಆದದ್ದನ್ನಾಗಲಿ ಉಪ್ಪಿನ ಬೆಲೆಯ ಪಕ್ಕದಲ್ಲಿ ಒಂದು ಸಾಲಾಗಿ ಬರೆಯುವುದು ನನಗೆ ಸರಿ ಕಾಣದು. ನಮ್ಮ ಶಾಲೆಯ ಉರ್ದು ಮಾಸ್ತರರು ಮರಳಿ ಬರಲಿಲ್ಲ ಎಂದಷ್ಟು ದಾಖಲಿಸುತ್ತೇನೆ. ಅವರ ಕುರ್ಚಿಯಲ್ಲಿ ಬೇರೆ ಯಾರೂ ಕೂಡದಂತೆ ಮಾಸ್ತರ್ರು ವರ್ಷವಿಡೀ ಅದರ ಮೇಲೆ ತಮ್ಮ ಕೊಡೆ ಇಡುತ್ತಿದ್ದರು.

ಹೊಲದ ಮಾಲೀಕ ಮಾತು ತಪ್ಪಲಿಲ್ಲ. ದಸರೆಗೆ ಎರಡು ದಿನ ಮುಂಚೆ ಮಟಕಿಗೆ ಬಂದು ಹಾಲಿಯಲ್ಲೇ ಹಣ ಕೇಳಿದ. ಒಳಮನೆಯಲ್ಲಿ ಹೊಟ್ಟಿನ ಮೇಲೆ ಹನ್ನೊಂದು ಚೀಲ ಬೆವರುತ್ತಿದ್ದವು. ಎಲ್ಲ ಮಾರಿದರೂ ಹೊಲದ ಒಂದು ಮೂಲೆ ಬರುತ್ತಿರಲಿಲ್ಲ. ಅಕ್ಕ ಅವನಿಗೆ ಚೀಲ ತೋರಿಸಿದಳು. ಅವನು ಕೆಟ್ಟ ಮನುಷ್ಯನಲ್ಲ. ಮಾತಾಡಲು ಅವನಿಗೇ ಸಂಕಟವಾಗುತ್ತಿತ್ತು.

"ತಂಗೀ, ರೊಕ್ಕಾದ್ರ ಇವತ್ತೇ ಬರದು ಕೊಡ್ತಿದ್ದೆ. ಉಪ್ಪಿಗೆ ಹೊಲಾ ಹ್ಯಾಂಗ ಬರೀಲಿ?"

ಕಲ್ಲಿನ ಸುತ್ತಲಿನ ನಾಲ್ಕು ಮಾರು ಜಾಗ ಮಾತ್ರ ಕೊಡಲಾಗುತ್ತದೆಯೇ ಎಂದು ಅವಳು ಕೇಳಿದಳು. ನಡು ಹೊಲದಲ್ಲಿ ತುಂಡು ಮಾಡಿದರೆ ಉಳಿದದ್ದನ್ನು ಯಾರೂ ಕೊಳ್ಳುವುದಿಲ್ಲ ಎಂದ. ಇಜೇರಿಯ ಕಡೆಯ ಒಬ್ಬರು ಆ ಹೊಲ ಕೊಂಡರು. ಕೆಲವು ವರ್ಷಗಳಲ್ಲಿ ಸಮಾಧಿಯ ಕಲ್ಲು ಬದುವಿಗೆ ಸರಿಯಿತು. ಯಾರು ಸರಿಸಿದರೆಂದು ಯಾರೂ ಹೇಳಲಿಲ್ಲ.

ಇದೆಲ್ಲ ನಡೆಯುವಾಗ ಮಾಸ್ತರ್ರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಹೇಳಲು ಒಂದು ಕಾರಣವೂ ಇರಲಿಲ್ಲವೆಂದಲ್ಲ. ಆಳಂದಕ್ಕೆ ಮರಳುವ ದಾರಿಯಲ್ಲಿ ನನಗೆ ಪೂರ್ತಿ ವಿವರಿಸಿದರು, ತರಗತಿಯಲ್ಲಿ ವಿವರಿಸಿದಷ್ಟೇ ಸ್ಪಷ್ಟವಾಗಿ. ಗೆದ್ದವರಿಗೆ ದಂಡ ಬೇಕಿರಲಿಲ್ಲ, ಸೀಮೆಯೇ ಬೇಕಿತ್ತು. ತಮ್ಮದಾಗಲಿರುವ ಸೀಮೆಯ ನಾಣ್ಯವನ್ನು ಅವರು ಯಾಕೆ ಕೆಡಿಸುತ್ತಾರೆ. ಕೊರತೆಯಿಂದ ಏರಿದ ಬೆಲೆ ಬೇರೆ, ನೋಟು ಸಾಯುವುದು ಬೇರೆ. ಹೇಳಿ ಮುಗಿಸಿ ಸ್ವಲ್ಪ ದೂರ ನಡೆದು ನಿಂತರು.

"ನಾ ಇಪ್ಪತ್ತೈದು ವರ್ಷ ಜರ್ಮನಿ ಓದಿದೆ ನೋಡ್ರಿ. ಆ ಅಫಜಲಪುರದಾವ ಬರೀ ಹೊಳಿ ನೋಡಿದ್ದ."

ಮರುವರ್ಷವೂ ಅವರು ಅದೇ ಪಾಠ ಮಾಡಿದರು. ನೋಟುಗಳನ್ನು ಹಂಚಿದರು. ಎಣಿಸಿ ಮರಳಿ ಪಡೆಯುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. ಹುಡುಗರು ಮನೆಗೆ ಒಯ್ದರು, ಗಾಳಿಪಟ ಮಾಡಿದರು, ಕಡಲೆ ಕಟ್ಟಿಸಿಕೊಂಡರು. ಆ ವರ್ಷದ ಕೊನೆಗೆ ಪೆಟ್ಟಿಗೆ ಖಾಲಿಯಾಯಿತು.

ಸೋಮವಾರಗಳು ನಿಲ್ಲಲಿಲ್ಲ. ನಮ್ಮಲ್ಲಿ ಊಟಕ್ಕೆ ಕೂತವರ ತಾಟಿಗೆ ಮೊದಲು ಉಪ್ಪು ಬಡಿಸುವುದು ಪದ್ಧತಿ. ಅಕ್ಕ ಬಂದು ಚಿಟಿಕೆ ಉಪ್ಪು ಹಾಕಿ, ಬಾಗಿಕೊಂಡೇ ಕೇಳುತ್ತಿದ್ದಳು.

"ಸಾಕೇನು, ತಮ್ಮ?"

"ಸಾಕಕ್ಕ."

ಇದರಾಚೆ ಆ ವಿಷಯವಾಗಿ ಅವರಿಬ್ಬರ ನಡುವೆ ಮಾತು ನಡೆದದ್ದನ್ನು ನಾನು ಕೇಳಿಲ್ಲ. ಅವಳು ಉಪ್ಪನ್ನು ಮಾರಲಿಲ್ಲ, ಯಾರಿಗೂ ಕೊಡಲಿಲ್ಲ, ಹೊಸದನ್ನು ಕೊಳ್ಳಲೂ ಇಲ್ಲ. ಕೆಲವು ಚೀಲ ಮಳೆಗಾಲಕ್ಕೆ ಕರಗಿ ಗೋಡೆಗೆ ಇಳಿದವು. ಆ ಗೋಡೆಗೆ ಮುಂದೆ ಎಂದೂ ಸುಣ್ಣ ನಿಲ್ಲಲಿಲ್ಲ.

ಮಾಸ್ತರ್ರು ಹೋದದ್ದು ನಾನು ಪತ್ರಿಕೆಗೆ ಸೇರಿದ ಎಷ್ಟೋ ವರ್ಷಗಳ ನಂತರ. ತಂತಿ ತಲುಪಿ ನಾನು ಮಟಕಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಕುಣಿ ತೋಡಿದ್ದು ಹಳ್ಳದ ದಂಡೆಯಲ್ಲಿ, ತಂದೆಯ ಪಕ್ಕಕ್ಕೆ. ನಮ್ಮವರು ದೇಹವನ್ನು ಕುಳ್ಳಿರಿಸಿ ಹೂಳುತ್ತಾರೆ; ಸುತ್ತಲೂ ವಿಭೂತಿ, ಪತ್ರಿ, ಮತ್ತು ಧಾರಾಳ ಉಪ್ಪು ತುಂಬುತ್ತಾರೆ. ಹಿರಿಯರೊಬ್ಬರು ಉಪ್ಪು ತರಲು ಅಂಗಡಿಗೆ ಆಳು ಕಳಿಸುತ್ತಿದ್ದರು. ಮುದುಕಿಯಾಗಿದ್ದ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಂಗಡಿಗ್ಯಾಕ ಹೋಗ್ತೀರಿ? ಅವನ ಉಪ್ಪು ಒಳಗ ಅದ."

ನಾವು ನಾಲ್ಕು ಮಂದಿ ಒಳಗೆ ಹೋದೆವು. ಮೂರು ಚೀಲ ಉಳಿದಿದ್ದವು, ಕಲ್ಲಿನಂತೆ ಗಟ್ಟಿಯಾಗಿ. ಎರಡನ್ನು ಹೊರಗೆ ತಂದು ಮೂರನೆಯದಕ್ಕೆ ಕೈ ಹಾಕುವಾಗ ಅವಳು ತಡೆದಳು.

"ಅದೊಂದು ಇರ್ಲಿ ಬಿಡ್ರಿ. ನನಗ ಬೇಕಾಗ್ತದ."